ಶಾಖದ ಕೊಳವೆಗಳಲ್ಲಿ ಸೆರೆಸಿಕ್ಕ ಗಾಳಿ

ನೀರಿನ ಸ್ವಭಾವವು ತಗ್ಗನ್ನು ಹುಡುಕುವುದು; ನೀರಿನೊಳಗೆ ಸಿಕ್ಕ ಗಾಳಿಯ ಸ್ವಭಾವವು ಎತ್ತರವನ್ನು ಹುಡುಕುವುದು. ಹೀಗೆ ಭಿನ್ನಸ್ವಭಾವದ ಎರಡು ಭೂತಗಳನ್ನು ಒಂದೇ ಕೊಳವೆಯಲ್ಲಿ ಕೂಡಿಹಾಕಿದರೆ, ಒಂದು ಕೆಳಗಿಳಿದು ಮತ್ತೊಂದು ಮೇಲೆ ಸೇರಿ, ನಡುವೆ ಗೃಹಸ್ಥನ ಕಾರ್ಯವು ಕೆಡುವುದು ಸಹಜವೇ ಸರಿ. ಬಿಸಿನೀರಿನಿಂದ ಮನೆಯನ್ನು ಕಾಯಿಸುವ ಶೀತದೇಶಗಳಲ್ಲಿ ಈ ಜಗಳವು ಪ್ರತಿ ಚಳಿಗಾಲದಲ್ಲಿಯೂ ಹೊಸದಾಗಿ ತಲೆಯೆತ್ತುತ್ತದೆ. ಇದರ ಮರ್ಮವನ್ನು ತಿಳಿಯದವರು ಅನಿಲಕ್ಕೆ ಹಣವನ್ನು ಸುರಿದೂ ಚಳಿಯಲ್ಲಿ ನಡುಗುತ್ತಾರೆ. ತಿಳಿದವರು ಒಂದು ಪುಟ್ಟ ಕೀಲಿಕೈಯಿಂದ ಐದು ನಿಮಿಷಗಳಲ್ಲಿ ಜಗಳವನ್ನು ತೀರಿಸುತ್ತಾರೆ. ಆದರೆ ಜಗಳ ತೀರಿಸುವುದು ಬೇರೆ, ಅದು ಹುಟ್ಟಿದುದೆಲ್ಲಿ ಎಂದು ವಿಚಾರಿಸುವುದು ಬೇರೆ. ಈ ಎರಡನೆಯದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳುವುದೇ ಈ ಲೇಖನದ ಮುಖ್ಯ ಉದ್ದೇಶ.

“ನಮ್ಮ ಮಾಗಿಯ ಚಳಿಗೆ ಒಂದು ಶಾಲು ಸಾಕು, ಇಂಗ್ಲೆಂಡಿನ ಮನೆಗಳ ಶಾಖದ ಚಿಂತೆ ನಮಗೇಕೆ?” ಎಂದು ವಾಚಕರು ಕೇಳಬಹುದು. ಕೇಳತಕ್ಕ ಮಾತೇ. ಆದರೆ ಈಗ ನಮ್ಮಲ್ಲಿ ಎಷ್ಟೋ ಕುಟುಂಬಗಳ ಮಕ್ಕಳು ಸಮುದ್ರದಾಚೆ ಸಂಸಾರ ಹೂಡಿದ್ದಾರೆ. ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ನೋಡಿಕೊಳ್ಳುವುದಕ್ಕೆಂದು, ಅರುವತ್ತು ಎಪ್ಪತ್ತು ದಾಟಿದ ತಂದೆತಾಯಿಗಳು ಅಲ್ಲಿಗೆ ಹೋಗಿ ಆರಾರು ತಿಂಗಳು ಇದ್ದು ಬರುತ್ತಾರೆ. ಮಕ್ಕಳು ಹಗಲೆಲ್ಲ ಕಚೇರಿಯಲ್ಲಿರುತ್ತಾರೆ. ಮನೆಯಲ್ಲಿ ಉಳಿಯತಕ್ಕವರು ಮುದುಕರೂ ಕೂಸುಗಳೂ. ಚಳಿ ಮೊದಲು ತಾಗುವುದೂ ಇವರಿಗೇ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಪ್ರಕಟಿಸಿದ ವಸತಿ ಮತ್ತು ಆರೋಗ್ಯದ ಸೂಚನೆಗಳಲ್ಲಿ, ಶೀತಕಾಲದಲ್ಲಿ ಮನೆಯೊಳಗಿನ ಉಷ್ಣಮಾನವು ಹದಿನೆಂಟು ಡಿಗ್ರಿಗೆ ಕಡಮೆಯಾಗಬಾರದೆಂದೂ, ವೃದ್ಧರೂ ಶಿಶುಗಳೂ ರೋಗಿಗಳೂ ಇರುವಲ್ಲಿ ಅದಕ್ಕಿಂತ ಹೆಚ್ಚು ಬೇಕಾಗಬಹುದೆಂದೂ ಹೇಳಿದೆ. ಆದಕಾರಣ ತಾನು ಮಲಗುವ ಕೋಣೆಯು ಏಕೆ ಬೆಚ್ಚಗಾಗಲಿಲ್ಲವೆಂಬುದನ್ನು ಅಜ್ಜನಾದವನು ತಿಳಿದಿರುವುದು ಕೇವಲ ಕುತೂಹಲದ ಮಾತಲ್ಲ.

ಮೊದಲು ಈ ಏರ್ಪಾಡಿನ ಸ್ವರೂಪವನ್ನು ನೋಡೋಣ. ನಮ್ಮ ಬಚ್ಚಲುಮನೆಯ ಹಂಡೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಅದರ ಕೆಳಗೆ ಒಲೆ, ಮೇಲೆ ನೀರು. ಆ ಹಂಡೆಯ ಬಾಯನ್ನು ಭದ್ರವಾಗಿ ಮುಚ್ಚಿ, ಅದರಿಂದ ಒಂದು ಕೊಳವೆಯನ್ನು ಹೊರಡಿಸಿ, ಮನೆಯ ಕೋಣೆಕೋಣೆಗೂ ಸುತ್ತಿಸಿ, ಮತ್ತೆ ಹಂಡೆಯ ತಳಕ್ಕೇ ತಂದು ಸೇರಿಸಿದರೆ ಏನಾಗುವುದೋ ಅದೇ ಇಲ್ಲಿನ ವ್ಯವಸ್ಥೆ. ಹಂಡೆಯ ಸ್ಥಾನದಲ್ಲಿ ಬಾಯ್ಲರೆಂಬ ಯಂತ್ರ. ಸೌದೆಯ ಸ್ಥಾನದಲ್ಲಿ ಸಾಮಾನ್ಯವಾಗಿ ಅನಿಲ. ಪ್ರತಿ ಕೋಣೆಯಲ್ಲಿ, ಬಹುಮಟ್ಟಿಗೆ ಕಿಟಕಿಯ ಕೆಳಗೆ, ಉಕ್ಕಿನ ಒಂದು ಚಪ್ಪಟೆಯಾದ ಟೊಳ್ಳು ಹಲಗೆ ಗೋಡೆಗೆ ತಗಲಿಕೊಂಡಿರುತ್ತದೆ, ಇದನ್ನು ರೇಡಿಯೇಟರೆನ್ನುವರು. ಬಿಸಿನೀರು ಒಂದು ಕಡೆಯಿಂದ ಅದರೊಳಕ್ಕೆ ಬಂದು, ತನ್ನ ಶಾಖವನ್ನು ಕೋಣೆಗೆ ಒಪ್ಪಿಸಿ, ಮತ್ತೊಂದು ಕಡೆಯಿಂದ ಹೊರಟುಹೋಗುತ್ತದೆ. ನೀರನ್ನು ತಳ್ಳುವುದಕ್ಕೆ ಒಂದು ಪಂಪು. ಈ ನೀರು ಸ್ನಾನಕ್ಕೂ ಅಲ್ಲ, ಪಾನಕ್ಕೂ ಅಲ್ಲ. ಒಮ್ಮೆ ತುಂಬಿದ ನೀರೇ ವರ್ಷಾನುಗಟ್ಟಲೆ ಗಾಣದೆತ್ತಿನಂತೆ ಸುತ್ತುತ್ತಿರುತ್ತದೆ. ಈ ಒಂದು ಅಂಶವನ್ನು ವಾಚಕರು ಚೆನ್ನಾಗಿ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳತಕ್ಕ ಮಾತೆಲ್ಲವೂ ಇದರ ಮೇಲೆ ನಿಂತಿದೆ.

ಈ ಉಪಾಯವು ಮೊದಲು ಹೊಳೆದುದು ಮನುಷ್ಯರ ಸುಖಕ್ಕಾಗಿಯೂ ಅಲ್ಲವೆಂಬುದು ಸ್ವಾರಸ್ಯವಾಗಿದೆ. ೧೭೭೭ರಲ್ಲಿ ಬೊನ್ನೆಮೇನ್ ಎಂಬ ಫ್ರೆಂಚ್ ಗೃಹಸ್ಥನು ಕೋಳಿಯ ಮೊಟ್ಟೆಗಳಿಗೆ ಸಮನಾದ ಕಾವು ಕೊಡುವುದಕ್ಕಾಗಿ ಬಿಸಿನೀರಿನ ಕೊಳವೆಗಳನ್ನು ಉಪಯೋಗಿಸಿದನು. ಕೋಳಿಮರಿಗಳಿಗೆ ಹಿತವಾದುದು ಕ್ರಮೇಣ ಶ್ರೀಮಂತರ ಗಾಜಿನ ಹೂಮನೆಗಳಿಗೂ, ಅಲ್ಲಿಂದ ಅವರ ವಾಸದ ಮನೆಗಳಿಗೂ ಬಂದಿತು. ೧೮೩೧ರಲ್ಲಿ ಲಂಡನ್ನಿನಲ್ಲಿದ್ದ ಆಂಜಿಯರ್ ಮಾರ್ಚ್ ಪರ್ಕಿನ್ಸನು ಸುತ್ತಲೂ ಮುಚ್ಚಿದ ಸಣ್ಣ ಕಬ್ಬಿಣದ ಕೊಳವೆಗಳಲ್ಲಿ ಹೆಚ್ಚಿನ ಒತ್ತಡದ ಬಿಸಿನೀರನ್ನು ಹರಿಸುವ ಕ್ರಮಕ್ಕೆ ಹಕ್ಕುಪತ್ರವನ್ನು ಪಡೆದನು. ೧೮೩೭ರಲ್ಲಿ ಚಾರ್ಲ್ಸ್ ಹುಡ್ ಎಂಬಾತನು ಬಿಸಿನೀರಿನಿಂದ ಕಟ್ಟಡಗಳನ್ನು ಕಾಯಿಸುವ ವಿಷಯವಾಗಿ ಒಂದು ಗ್ರಂಥವನ್ನೇ ಬರೆದನು. ಆದರೂ ಸಾಮಾನ್ಯ ಜನರ ಮನೆಗಳಿಗೆ ಇದು ಹಬ್ಬಿದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಬ್ರಿಟನ್ನಿನಲ್ಲಿ ೧೯೬೭ರಿಂದ ೧೯೭೭ರವರೆಗೆ ಕಲ್ಲಿದ್ದಲಿನಿಂದ ತೆಗೆದ ಅನಿಲವನ್ನು ಬಿಟ್ಟು ಸಮುದ್ರದಡಿಯ ನೈಸರ್ಗಿಕ ಅನಿಲವನ್ನು ಮನೆಮನೆಗೆ ಕೊಟ್ಟಮೇಲೆ ಈ ಪದ್ಧತಿಯು ಬೇಗಬೇಗನೆ ಬೆಳೆಯಿತು. ಈಗ ಅಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಮಿಕ್ಕ ಮನೆಗಳಲ್ಲಿ ಯಾವುದೋ ಒಂದು ವಿಧದ ಕೇಂದ್ರೀಯ ಶಾಖವ್ಯವಸ್ಥೆಯುಂಟು.

ಇನ್ನು ಗಾಳಿಯ ವಿಚಾರ. ಗಾಳಿ ಹಗುರವಾದುದು, ರೇಡಿಯೇಟರಿನೊಳಗೆ ಬಂದರೆ ಅದು ಮೇಲ್ತುದಿಯಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ಬ್ರಿಟನ್ನಿನ ರೇಡಿಯೇಟರುಗಳಲ್ಲಿ ನೀರು ಬರುವ ಬಾಯೂ ಹೋಗುವ ಬಾಯೂ ಸಾಧಾರಣವಾಗಿ ಕೆಳಭಾಗದಲ್ಲಿಯೇ ಇರುವುದರಿಂದ, ಮೇಲೆ ಕುಳಿತ ಗಾಳಿಗೆ ತಾನಾಗಿ ಹೊರಡುವ ದಾರಿಯಿಲ್ಲ. ಅದು ಕುಳಿತಿರುವ ಮಟ್ಟದವರೆಗೆ ನೀರು ಏರಲಾರದು. ನೀರು ಏರದ ಕಡೆ ಶಾಖವೂ ಇಲ್ಲ. ಏಕೆಂದರೆ ಸಮಪ್ರಮಾಣದ ಗಾಳಿ ಮತ್ತು ನೀರನ್ನು ಹೋಲಿಸಿದರೆ, ನೀರು ಹೊರುವ ಶಾಖವು ಗಾಳಿ ಹೊರುವ ಶಾಖದ ಮೂರು ಸಾವಿರ ಪಾಲಿಗೂ ಮಿಕ್ಕಿರುತ್ತದೆ. ಹೀಗೆ ರೇಡಿಯೇಟರಿನ ಮೇಲಿನ ಮೂರನೆಯ ಒಂದು ಭಾಗದಲ್ಲಿ ಗಾಳಿ ತುಂಬಿದ್ದರೆ, ಆ ಮೂರನೆಯ ಒಂದು ಭಾಗವು ಗೋಡೆಗೆ ತಗಲಿಸಿದ ಅಲಂಕಾರ ಮಾತ್ರ.

ಗಾಳಿಯನ್ನು ಒಳಗೆ ಬಿಟ್ಟವರಾರು? ಅದು ಬರುವ ದಾರಿಗಳು ಮುಖ್ಯವಾಗಿ ನಾಲ್ಕು. ಒಂದನೆಯದು ಸ್ಪಷ್ಟವಾದುದು. ಬರಿದಾಗಿದ್ದ ಕೊಳವೆಗಳಲ್ಲಿ ನೀರು ತುಂಬುವಾಗ, ಮೊದಲೇ ಅಲ್ಲಿದ್ದ ಗಾಳಿಯು ಮೂಲೆಮೂಲೆಗಳಲ್ಲಿ ಉಳಿದುಬಿಡುತ್ತದೆ. ಎರಡನೆಯದು ಕಣ್ಣಿಗೆ ಕಾಣದು. ನಲ್ಲಿಯಿಂದ ಬರುವ ತಣ್ಣೀರಿನಲ್ಲಿ ಗಾಳಿಯು ಕರಗಿಯೇ ಇರುತ್ತದೆ. ಮೀನುಗಳು ಉಸಿರಾಡುವುದು ಇದರಿಂದಲೇ ಅಲ್ಲವೆ? ಒಲೆಯ ಮೇಲಿಟ್ಟ ಪಾತ್ರೆಯ ನೀರು ಕುದಿಯುವುದಕ್ಕೆ ಬಹಳ ಮುಂಚೆಯೇ ಅದರ ತಳದಲ್ಲಿ ಮುತ್ತಿನಂತಹ ಸಣ್ಣ ಗುಳ್ಳೆಗಳು ಕಟ್ಟುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಕಂಡಿದ್ದಾಳೆ. ಅವು ಆವಿಯಲ್ಲ, ಕರಗಿದ್ದ ಗಾಳಿಯು ಶಾಖವನ್ನು ಸಹಿಸಲಾರದೆ ಹೊರಡುವುದು. ದ್ರವದಲ್ಲಿ ಎಷ್ಟು ಅನಿಲ ಕರಗಬಲ್ಲುದೆಂಬುದು ಅದರ ಮೇಲಿನ ಒತ್ತಡವನ್ನು ಅನುಸರಿಸುತ್ತದೆಂಬ ನಿಯಮವನ್ನು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿಯು ೧೮೦೩ರಲ್ಲಿ ಲೋಕಕ್ಕೆ ತಿಳಿಸಿದನು. ಹತ್ತು ಡಿಗ್ರಿಯ ತಣ್ಣೀರು ಲೀಟರಿಗೆ ಇಪ್ಪತ್ತು ಮಿಲಿಲೀಟರಿಗೂ ಹೆಚ್ಚು ಗಾಳಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿರಬಲ್ಲುದು. ಕಾದಂತೆಲ್ಲ ಅದರಲ್ಲಿ ಬಹುಪಾಲನ್ನು ಉಗುಳಿಬಿಡುತ್ತದೆ. ಅಂದಮೇಲೆ ನೂರು ಲೀಟರು ಹಿಡಿಯುವ ಮನೆಯ ಕೊಳವೆಗಳಲ್ಲಿ ಹೊಸ ನೀರನ್ನು ತುಂಬಿದರೆ, ಅದರೊಡನೆ ಲೀಟರುಗಟ್ಟಲೆ ಗಾಳಿಯನ್ನೂ ನಾವೇ ತುಂಬಿದಂತಾಯಿತು.

ಮೂರನೆಯ ದಾರಿಯು ಸೇದಿಕೊಳ್ಳುವಿಕೆ. ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ಒಂದು ಸಣ್ಣ ತೊಟ್ಟಿಯಿದ್ದು ಅದರಿಂದ ಕೊಳವೆಗಳಿಗೆ ನೀರು ಇಳಿಯುತ್ತದೆ. ಆ ತೊಟ್ಟಿಯ ನೀರು ಬತ್ತಿದರೆ, ಅಥವಾ ಕೊಳವೆಗಳ ಜೋಡಣೆ ಸರಿಯಿಲ್ಲದಿದ್ದರೆ, ಪಂಪು ನೀರಿನೊಡನೆ ಗಾಳಿಯನ್ನೂ ಸೇದುತ್ತದೆ. ಗಾಳಿಯನ್ನು ತಡೆಯುವ ಪೊರೆಯಿಲ್ಲದ ಪ್ಲಾಸ್ಟಿಕ್ ಕೊಳವೆಗಳ ಗೋಡೆಯ ಮೂಲಕವೂ ಆಮ್ಲಜನಕವು ಮೆಲ್ಲಮೆಲ್ಲನೆ ಒಳಸೇರಬಲ್ಲುದು. ನಾಲ್ಕನೆಯದು ಎಲ್ಲಕ್ಕಿಂತ ಗಹನವಾದುದು; ಅಲ್ಲಿ ಗಾಳಿಯು ಹೊರಗಿನಿಂದ ಬರುವುದೇ ಇಲ್ಲ, ಒಳಗೆಯೇ ಹುಟ್ಟುತ್ತದೆ. ಉಕ್ಕು ನೀರಿನೊಡನೆ ಸೇರಿ ತುಕ್ಕು ಹಿಡಿಯುವಾಗ ಕಪ್ಪಾದ ಕೆಸರೊಂದು ಉಂಟಾಗಿ ಜಲಜನಕವೆಂಬ ಅನಿಲವು ಬಿಡುಗಡೆಯಾಗುತ್ತದೆ. ನಾವು ಗಾಳಿಯೆಂದು ಭಾವಿಸಿ ಹೊರಬಿಡುವುದು ಒಮ್ಮೊಮ್ಮೆ ಈ ಜಲಜನಕವೇ. ಇದು ಉರಿಯತಕ್ಕ ಅನಿಲವಾದುದರಿಂದ, ಕೀಲನ್ನು ಬಿಚ್ಚುವಾಗ ಹತ್ತಿರ ದೀಪವನ್ನಾಗಲಿ, ಸಿಗರೇಟನ್ನಾಗಲಿ, ಬೆಂಕಿಕಡ್ಡಿಯನ್ನಾಗಲಿ ತರಕೂಡದು.

ರೋಗಲಕ್ಷಣವನ್ನು ಅರಿಯದೆ ಔಷಧವನ್ನು ಕೊಡಬಾರದಷ್ಟೆ. ಶಾಖವನ್ನು ಹಚ್ಚಿ ಅರ್ಧ ಗಂಟೆಯಾದ ಮೇಲೆ ಪ್ರತಿ ರೇಡಿಯೇಟರನ್ನೂ ಅಂಗೈಯಿಂದ ಎಚ್ಚರಿಕೆಯಾಗಿ ಮುಟ್ಟಿ ನೋಡಬೇಕು. ಕೆಳಗೆ ಬಿಸಿ, ಮೇಲೆ ತಣ್ಣಗೆ ಇದ್ದರೆ ಅದು ಗಾಳಿ. ಮೇಲೆ ಬಿಸಿ, ಕೆಳಗೆ ನಡುವಿನಲ್ಲಿ ತಣ್ಣಗೆ ಇದ್ದರೆ ಅದು ಗಾಳಿಯಲ್ಲ, ತಳದಲ್ಲಿ ಕೂತ ಕೆಸರು. ಗಾಳಿ ಬಿಡುವುದರಿಂದ ಅದು ಹೋಗದು. ಒಂದೇ ಒಂದು ರೇಡಿಯೇಟರು ಪೂರ್ತಿಯಾಗಿ ತಣ್ಣಗಿದ್ದು ಉಳಿದವೆಲ್ಲ ಬಿಸಿಯಾಗಿದ್ದರೆ, ಅದರ ಪಕ್ಕದ ವಾಲ್ವು ಮುಚ್ಚಿದೆಯೋ ಅಂಟಿಕೊಂಡಿದೆಯೋ ನೋಡಬೇಕು. ಅಟ್ಟದ ತೊಟ್ಟಿಯ ಪದ್ಧತಿಯಿರುವ ಮನೆಯಲ್ಲಿ ಮಹಡಿಯ ರೇಡಿಯೇಟರುಗಳೆಲ್ಲವೂ ಒಟ್ಟಿಗೆ ತಣ್ಣಗಾಗಿದ್ದರೆ ಆ ತೊಟ್ಟಿಯಲ್ಲಿ ನೀರುಂಟೋ ಎಂದು ಮೊದಲು ಪರೀಕ್ಷಿಸಬೇಕು. ಕಿವಿಯೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಅಜೀರ್ಣವಾದವನ ಹೊಟ್ಟೆಯಲ್ಲಿ ವಾಯು ಗುಡುಗುಟ್ಟುವಂತೆ ಕೊಳವೆಗಳಲ್ಲಿ ಗುಳುಗುಳು ಶಬ್ದವಾದರೆ ಅಲ್ಲಿಯೂ ವಾಯುಪ್ರಕೋಪವೇ ಎಂದು ತಿಳಿಯಬಹುದು.

ಗಾಳಿಯೇ ಎಂದು ನಿಶ್ಚಯವಾದ ಮೇಲೆ ಮಾಡತಕ್ಕ ಕ್ರಮ ಹೀಗೆ. ಮೊದಲು ಶಾಖವನ್ನು ನಿಲ್ಲಿಸಿ, ನೀರು ಆರುವವರೆಗೆ ಕಾಯಬೇಕು. ಇದರಲ್ಲಿ ಎರಡು ಪ್ರಯೋಜನಗಳುಂಟು: ಕೈ ಸುಡುವುದಿಲ್ಲ, ಪಂಪು ನಿಂತಿರುವುದರಿಂದ ಗಾಳಿಯು ನೀರಿನೊಡನೆ ಅಲೆಯದೆ ಮೇಲಕ್ಕೆ ಸೇರಿ ನೆಲೆನಿಲ್ಲುತ್ತದೆ. ರೇಡಿಯೇಟರಿನ ಮೇಲ್ತುದಿಯ ಒಂದು ಪಕ್ಕದಲ್ಲಿ ಚೌಕಾಕಾರದ ಸಣ್ಣ ತಿರುಪೊಂದು ಇರುತ್ತದೆ. ಅದಕ್ಕೆ ಹೊಂದುವ ಪುಟ್ಟ ಕೀಲಿಕೈ ಅಲ್ಲಿನ ಕಬ್ಬಿಣದ ಸಾಮಾನಿನ ಅಂಗಡಿಗಳಲ್ಲೆಲ್ಲ ದೊರೆಯುತ್ತದೆ. ಕೆಳಗೆ ಒಂದು ಬೋಗುಣಿಯನ್ನಿಟ್ಟು, ತಿರುಪಿನ ಸುತ್ತ ಹಳೆಯ ಬಟ್ಟೆಯನ್ನು ಹಿಡಿದು, ಕೀಲಿಕೈಯನ್ನು ಎಡಕ್ಕೆ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು ತಿರುಗಿಸಬೇಕು. ಬುಸ್ಸೆಂದು ಗಾಳಿ ಹೊರಡುತ್ತದೆ. ಆ ಶಬ್ದವು ಅಡಗಿ, ಗುಳ್ಳೆಯಿಲ್ಲದ ನೀರು ಸಮನಾಗಿ ಜಿನುಗಿದ ಕೂಡಲೆ ಬಲಕ್ಕೆ ತಿರುಗಿಸಿ ಮುಚ್ಚಬೇಕು. ತಿರುಪನ್ನು ಪೂರ್ತಿಯಾಗಿ ಬಿಚ್ಚಕೂಡದು. ಅದು ಕಳಚಿ ಕೈಗೆ ಬಂದರೆ ಚಿಮ್ಮುವ ನೀರಿನಲ್ಲಿ ಮತ್ತೆ ಅದನ್ನು ಸ್ಥಾನಕ್ಕೆ ಸೇರಿಸುವುದು ಬಲು ಕಷ್ಟ. ಬಲಾತ್ಕಾರದಿಂದ ಬಿಗಿಯುವುದೂ ಸಲ್ಲದು. ಕೆಳ ಅಂತಸ್ತಿನ ರೇಡಿಯೇಟರುಗಳನ್ನು ಮೊದಲು ಮುಗಿಸಿ, ಆಮೇಲೆ ಮಹಡಿಗೆ ಹೋಗುವುದು ವಾಡಿಕೆ. ಮೇಲಕ್ಕೇರುವುದು ಗಾಳಿಯ ಗುಣವಾದುದರಿಂದ ಇದು ಯುಕ್ತವೂ ಹೌದು.

ಗಾಳಿ ಹೋದ ಮೇಲೆ ಅದರ ಸ್ಥಳವನ್ನು ನೀರು ತುಂಬಬೇಕು. ಅಟ್ಟದ ತೊಟ್ಟಿಯಿರುವ ಮನೆಗಳಲ್ಲಿ ಇದು ತಾನಾಗಿ ನಡೆಯುತ್ತದೆ. ಮುಚ್ಚಿದ ಪದ್ಧತಿಯ ಮನೆಗಳಲ್ಲಿ, ಎಂದರೆ ಈಗಿನ ಹೆಚ್ಚಿನ ಮನೆಗಳಲ್ಲಿ, ಬಾಯ್ಲರಿನ ಮುಖದ ಮೇಲೆ ಒತ್ತಡವನ್ನು ತೋರಿಸುವ ಒಂದು ಮುಳ್ಳಾಗಲಿ ಅಂಕೆಯಾಗಲಿ ಇರುತ್ತದೆ. ನೀರು ತಣ್ಣಗಿರುವಾಗ ಅದು ಸಾಧಾರಣವಾಗಿ ಒಂದರಿಂದ ಒಂದೂವರೆ ಬಾರಿನ ಮಟ್ಟದಲ್ಲಿರಬೇಕು. ಗಾಳಿಯನ್ನು ಬಿಟ್ಟ ಮೇಲೆ ಒತ್ತಡವು ಇಳಿಯುತ್ತದೆ. ಬಹಳ ಇಳಿದರೆ ಎಷ್ಟೋ ಬಾಯ್ಲರುಗಳು ಹೊತ್ತಿಕೊಳ್ಳುವುದನ್ನೇ ನಿಲ್ಲಿಸಿಬಿಡುತ್ತವೆ. ಗಾಳಿ ಬಿಟ್ಟ ಬಳಿಕ ಮನೆಯೇ ತಣ್ಣಗಾಯಿತೆಂದು ಗಾಬರಿಗೊಳ್ಳುವವರು ಮೊದಲು ಈ ಮುಳ್ಳನ್ನು ನೋಡಬೇಕು. ನೀರು ತುಂಬುವ ಕಿರುಕೊಳವೆಯ ನಲ್ಲಿಯನ್ನು ಮೆಲ್ಲನೆ ತೆರೆದು, ಮುಳ್ಳು ತಕ್ಕ ಗುರುತಿಗೆ ಬಂದೊಡನೆ ಭದ್ರವಾಗಿ ಮುಚ್ಚಬೇಕು. ಆ ನಲ್ಲಿಯನ್ನು ಮರೆತು ತೆರೆದಿಡುವುದು ಅನರ್ಥಕ್ಕೆ ಕಾರಣ. ಒತ್ತಡವು ಮೂರು ಬಾರಿಗೆ ಏರಿದರೆ ರಕ್ಷಣೆಯ ವಾಲ್ವು ಬಿಚ್ಚಿಕೊಂಡು ನೀರನ್ನು ಮನೆಯ ಹೊರಗೆ ಚೆಲ್ಲುತ್ತದೆ.

ಇಷ್ಟನ್ನು ಯಾವ ಗೃಹಸ್ಥನೂ ಮಾಡಬಲ್ಲನು. ಆದರೆ ಇಷ್ಟರಲ್ಲಿಯೇ ತೃಪ್ತನಾಗುವವನಿಗೆ ಏನು ಸಂಭವಿಸಬಹುದೆಂಬುದಕ್ಕೆ ನಾವು ಕಣ್ಣಾರೆ ಕಂಡ ಒಂದು ದೃಷ್ಟಾಂತವನ್ನು ಹೇಳುತ್ತೇವೆ. ನಾವು ಉತ್ತರ ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದೆವು. ಪಕ್ಕದ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರೂ ಅವರ ಪತ್ನಿಯೂ ಇದ್ದರು. ಆಕೆಗೆ ಉಬ್ಬಸದ ಕಾಯಿಲೆ. ಹಿರಿಯರು ಬಹಳ ಶಿಸ್ತಿನ ಮನುಷ್ಯರು. ಪ್ರತಿ ಶನಿವಾರ ಬೆಳಗ್ಗೆ ಕೀಲಿಕೈಯನ್ನು ಹಿಡಿದು ರೇಡಿಯೇಟರುಗಳ ಗಾಳಿಯನ್ನೆಲ್ಲ ಬಿಟ್ಟು, ಒತ್ತಡ ಇಳಿದಷ್ಟಕ್ಕೆ ಹೊಸ ನೀರನ್ನು ತುಂಬಿ, “ಈ ವಾರದ ಪೂಜೆ ಮುಗಿಯಿತು” ಎಂಬಂತೆ ಸಮಾಧಾನ ಹೊಂದುವರು. ಒಮ್ಮೆ ನಮ್ಮನ್ನು ಕರೆದು ತೋರಿಸಿದರು. ಬೋಗುಣಿಗೆ ಬಿದ್ದ ನೀರು ಮಸಿಯಂತೆ ಕಪ್ಪಾಗಿತ್ತು. ಪ್ರತಿ ವಾರವೂ ಗಾಳಿ ಬರುತ್ತಿತ್ತು. ಪ್ರತಿ ವಾರವೂ ಅವರು ಬಿಡುತ್ತಿದ್ದರು. ಜನವರಿಯ ಒಂದು ರಾತ್ರಿ ಮಲಗುವ ಕೋಣೆಯ ರೇಡಿಯೇಟರಿನ ಕೆಳ ಅಂಚಿನಲ್ಲಿ ಸೂಜಿಯ ಮೊನೆಯಷ್ಟು ರಂಧ್ರ ಬಿದ್ದು, ಬೆಳಗಾಗುವುದರೊಳಗೆ ನೆಲದ ಜಮಖಾನವೆಲ್ಲ ಕಪ್ಪು ನೀರಿನಲ್ಲಿ ನೆನೆದುಹೋಗಿತ್ತು. ನಾಲ್ಕು ದಿನ ಮನೆಯಲ್ಲಿ ಶಾಖವಿರಲಿಲ್ಲ. ಹೊರಗೆ ಹಿಮ ಬೀಳುತ್ತಿತ್ತು. ಆ ವೃದ್ಧೆಯ ಉಬ್ಬಸವು ಉಲ್ಬಣಿಸಿ ಆಕೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ದೈವವಶದಿಂದ ಆಕೆ ಗುಣಹೊಂದಿ ಮನೆಗೆ ಬಂದರು.

ದುರಸ್ತಿಗೆ ಬಂದ ಪಳಗಿದ ಕೆಲಸಗಾರನು ರೇಡಿಯೇಟರನ್ನು ನೋಡುವುದಕ್ಕೆ ಮೊದಲು ಮನೆಯ ಹೊರಕ್ಕೆ ಹೋದನು. ಅಲ್ಲಿ ಗೋಡೆಯಿಂದ ಹೊರಚಾಚಿದ ಒಂದು ತಾಮ್ರದ ಕೊಳವೆಯ ಬಾಯಿಯ ಕೆಳಗೆ ಇಟ್ಟಿಗೆಯ ಮೇಲೆ ಹಸುರುಗಟ್ಟಿದ ಒದ್ದೆಯ ಗೆರೆಯಿತ್ತು. ಅದನ್ನು ತೋರಿಸಿ ಆತನು ಹಿರಿಯರನ್ನು ಕೇಳಿದುದು ಒಂದೇ ಪ್ರಶ್ನೆ: “ವಾರವಾರವೂ ಗಾಳಿಯನ್ನು ಬಿಟ್ಟಿರಿ, ಸರಿ, ಅದು ಬರುತ್ತಿರುವುದೆಲ್ಲಿಂದ ಎಂದು ವಿಚಾರಿಸಿದಿರಾ?”

ಆತನ ವಿವರಣೆಯು ಯಾವ ತರ್ಕಶಾಸ್ತ್ರಿಯೂ ಮೆಚ್ಚತಕ್ಕ ಕಾರ್ಯಕಾರಣಸರಣಿಯಾಗಿತ್ತು. ನೀರು ಕಾದರೆ ಹಿಗ್ಗುತ್ತದೆ. ಹತ್ತು ಡಿಗ್ರಿಯಿಂದ ಎಂಬತ್ತು ಡಿಗ್ರಿಗೆ ಕಾಯಿಸಿದ ನೂರು ಲೀಟರು ನೀರು ಸುಮಾರು ನೂರಮೂರು ಲೀಟರಾಗುತ್ತದೆ. ಮುಚ್ಚಿದ ಕೊಳವೆಗಳಲ್ಲಿ ಈ ಹೆಚ್ಚಿನ ಮೂರು ಲೀಟರು ಎಲ್ಲಿಗೆ ಹೋಗಬೇಕು? ಅದಕ್ಕಾಗಿ ಬಾಯ್ಲರಿನೊಳಗೋ ಹತ್ತಿರದಲ್ಲಿಯೋ ಒಂದು ಉಕ್ಕಿನ ಡಬ್ಬಿಯನ್ನಿಟ್ಟಿರುತ್ತಾರೆ. ಅದರ ನಡುವೆ ರಬ್ಬರಿನ ಒಂದು ಪೊರೆ. ಪೊರೆಯ ಒಂದು ಕಡೆ ಕೊಳವೆಯ ನೀರು, ಮತ್ತೊಂದು ಕಡೆ ಅದುಮಿ ತುಂಬಿದ ಗಾಳಿ. ನೀರು ಹಿಗ್ಗಿದಾಗ ಗಾಳಿ ಕುಗ್ಗಿ ಸ್ಥಳ ಕೊಡುತ್ತದೆ. ನೀರು ಆರಿದಾಗ ಗಾಳಿ ಹಿಗ್ಗಿ ನೀರನ್ನು ಮರಳಿ ತಳ್ಳುತ್ತದೆ. ನೀರನ್ನು ಅದುಮಿ ಕುಗ್ಗಿಸುವುದು ಹೆಚ್ಚುಕಡಮೆ ಅಸಾಧ್ಯ. ಗಾಳಿಯನ್ನು ಕುಗ್ಗಿಸುವುದು ಸುಲಭ. ಈ ಗುಣದಿಂದಲೇ ಗಾಳಿಯು ಇಲ್ಲಿ ಸೇವಕನಾಯಿತು.

ಪಕ್ಕದ ಮನೆಯ ಡಬ್ಬಿಯಲ್ಲಿ ಆ ಗಾಳಿಯು ವರ್ಷಗಳಿಂದ ಸೋರಿ ಬರಿದಾಗಿತ್ತು. ಆದುದರಿಂದ ಶಾಖವನ್ನು ಹಚ್ಚಿದಾಗಲೆಲ್ಲ ಹಿಗ್ಗಿದ ನೀರಿಗೆ ಸ್ಥಳವಿಲ್ಲದೆ ಒತ್ತಡವು ಏರಿ, ರಕ್ಷಣೆಯ ವಾಲ್ವು ತೆರೆದು, ಒಂದಿಷ್ಟು ನೀರು ಹೊರಗಿನ ಕೊಳವೆಯಿಂದ ಯಾರಿಗೂ ಕಾಣದಂತೆ ತೊಟ್ಟಿಕ್ಕುತ್ತಿತ್ತು. ಮರುದಿನ ನೀರು ಆರಿದಾಗ ಒತ್ತಡವು ಕಡಮೆ. ಶನಿವಾರ ಹೊಸ ನೀರಿನ ಪೂರಣ. ಹೊಸ ನೀರಿನೊಡನೆ ಕರಗಿದ ಗಾಳಿ, ಗಾಳಿಯಲ್ಲಿ ಆಮ್ಲಜನಕ, ಆಮ್ಲಜನಕದಿಂದ ತುಕ್ಕು, ತುಕ್ಕಿನಿಂದ ಕಪ್ಪು ಕೆಸರೂ ಜಲಜನಕವೂ, ಅವುಗಳಿಂದ ಮತ್ತೆ ತಣ್ಣಗಾದ ರೇಡಿಯೇಟರು, ಅದಕ್ಕೆ ಮತ್ತೆ ಕೀಲಿಕೈ. ಒಮ್ಮೆ ತುಂಬಿದ ನೀರು ತನ್ನ ಆಮ್ಲಜನಕವನ್ನು ಕಳೆದುಕೊಂಡ ಮೇಲೆ ಉಕ್ಕಿಗೆ ಅಷ್ಟು ಹಾನಿಯನ್ನು ಮಾಡದು. ಹಳೆಯ ನೀರು ಸಾಧುವಾದುದು. ವಾರವಾರವೂ ಹೊಸ ನೀರನ್ನು ಕೊಡುವುದೆಂದರೆ ತುಕ್ಕಿಗೆ ವಾರವಾರವೂ ಊಟವಿಕ್ಕಿದಂತೆ. ಗಾಳಿಯಿರಬೇಕಾದ ಸ್ಥಳದಲ್ಲಿ ಗಾಳಿಯಿಲ್ಲದುದರಿಂದಲೇ, ಇರಬಾರದ ಸ್ಥಳದಲ್ಲಿ ಗಾಳಿ ತುಂಬಿತ್ತು. ಕೆಲಸಗಾರನು ಡಬ್ಬಿಗೆ ತಕ್ಕಷ್ಟು ಗಾಳಿಯನ್ನು ತುಂಬಿ, ಸೋರುತ್ತಿದ್ದ ವಾಲ್ವನ್ನು ಬದಲಾಯಿಸಿ, ಕೊಳವೆಗಳ ಕೆಸರನ್ನು ತೊಳೆದು, ಹೊಸ ನೀರಿನಲ್ಲಿ ತುಕ್ಕುನಿರೋಧಕವಾದ ಔಷಧವನ್ನು ಬೆರಸಿ ಹೋದನು. ತರುವಾಯದ ಶನಿವಾರಗಳಲ್ಲಿ ಕೀಲಿಕೈಗೆ ಕೆಲಸವಿರಲಿಲ್ಲ.

ನಮ್ಮ ಆಯುರ್ವೇದದಲ್ಲಿ ನಿದಾನಪರಿವರ್ಜನವೆಂಬ ಮಾತೊಂದುಂಟು; ರೋಗದ ಕಾರಣವನ್ನು ದೂರಮಾಡುವುದೇ ಚಿಕಿತ್ಸೆಯ ಸಾರವೆಂದು ಅದರ ತಾತ್ಪರ್ಯ. ಹೊಟ್ಟೆಯುಬ್ಬರಕ್ಕೆ ದಿನವೂ ಓಮದ ನೀರನ್ನು ಕುಡಿದು, ದಿನವೂ ಅದೇ ಅಪಥ್ಯವನ್ನು ಉಣ್ಣುವವನನ್ನು ವೈದ್ಯನು ಮೆಚ್ಚುವುದಿಲ್ಲ. ಚಳಿಗಾಲದ ಆರಂಭದಲ್ಲಿ ಒಮ್ಮೆ, ಅಥವಾ ಕೊಳವೆಗಳ ದುರಸ್ತಿಯಾದ ಹೊಸದರಲ್ಲಿ ಎರಡು ಮೂರು ಬಾರಿ ಗಾಳಿ ಬಿಡಬೇಕಾಗುವುದು ಸಹಜ. ಆದರೆ ಪುನಃ ಪುನಃ ಬರುವ ಗಾಳಿಯು ಗಾಳಿಯಲ್ಲ, ದೂತ. ಎಲ್ಲಿಯೋ ನೀರು ಸೋರುತ್ತಿದೆ, ಅಥವಾ ಪಂಪು ಸೇದುತ್ತಿದೆ, ಅಥವಾ ಉಕ್ಕು ಸವೆಯುತ್ತಿದೆ ಎಂದು ಹೇಳುವುದಕ್ಕೆ ಅದು ಬಂದಿದೆ. ದೂತನನ್ನು ಬಾಗಿಲಿನಿಂದಾಚೆಗೆ ಅಟ್ಟಿದ ಮಾತ್ರಕ್ಕೆ ಸುದ್ದಿ ಸುಳ್ಳಾಗದು.

ಇನ್ನೊಂದು ತಪ್ಪು ಅಲ್ಲಿ ಬಹಳವಾಗಿ ನಡೆಯುತ್ತದೆ. ಕೋಣೆ ಬೆಚ್ಚಗಾಗಲಿಲ್ಲವೆಂದು ಬಾಯ್ಲರಿನ ಶಾಖವನ್ನು ಇನ್ನಷ್ಟು ಏರಿಸುವುದು. ಗಾಳಿಯು ಕುಳಿತ ಜಾಗಕ್ಕೆ ಅರುವತ್ತು ಡಿಗ್ರಿಯ ನೀರೂ ಹೋಗದು, ಎಂಬತ್ತು ಡಿಗ್ರಿಯ ನೀರೂ ಹೋಗದು. ಮೊದಲೇ ಬಿಸಿಯಾಗಿದ್ದ ಕೋಣೆಗಳು ಇನ್ನಷ್ಟು ಕಾಯುತ್ತವೆ. ತಣ್ಣಗಿದ್ದ ಕೋಣೆಯು ಹಾಗೆಯೇ ಉಳಿಯುತ್ತದೆ. ಅನಿಲದ ಲೆಕ್ಕ ಮಾತ್ರ ಬೆಳೆಯುತ್ತದೆ. ಈಚೆಗೆ ಬಾಯ್ಲರಿಗೆ ಬದಲಾಗಿ ಹೊರಗಿನ ಗಾಳಿಯಿಂದ ಶಾಖವನ್ನು ಸೆಳೆಯುವ ಹೀಟ್ ಪಂಪುಗಳು ಬರುತ್ತಿವೆ. ಅವುಗಳಲ್ಲಿಯೂ ಮನೆಯೊಳಗೆ ಸುತ್ತುವುದು ಸಾಧಾರಣವಾಗಿ ನೀರೇ. ಆ ನೀರಿನ ಉಷ್ಣಮಾನವು ಕಡಮೆಯಾದುದರಿಂದ ರೇಡಿಯೇಟರಿನ ಪ್ರತಿಯೊಂದು ಅಂಗುಲವೂ ಕೆಲಸ ಮಾಡಬೇಕಾಗುತ್ತದೆ. ಅಲ್ಲಿ ಗಾಳಿಯ ಲೂಟಿಯನ್ನು ಸಹಿಸುವುದು ಇನ್ನೂ ದುಬಾರಿ.

ಈ ತತ್ತ್ವವು ಇಂಗ್ಲೆಂಡಿಗೆ ಮಾತ್ರ ಸೇರಿದುದೆಂದು ವಾಚಕರು ತಿಳಿಯಬಾರದು. ನಮ್ಮ ಊರುಗಳ ಮಾಳಿಗೆಗಳ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ತೊಟ್ಟಿಗಳು ಸಾಲುಸಾಲಾಗಿ ಕಾಣುತ್ತವೆ. ಮೇಲಿನ ಸಿಂಟೆಕ್ಸ್ ತೊಟ್ಟಿ ಒಮ್ಮೆ ಬರಿದಾಗಿ ಮತ್ತೆ ತುಂಬಿದ ಮೇಲೆ, ತಣ್ಣೀರಿನ ನಲ್ಲಿಗಳು ಸರಿಯಾಗಿ ಬರುತ್ತಿದ್ದು ಬಿಸಿನೀರಿನ ನಲ್ಲಿಯು ಮಾತ್ರ ತೊಟ್ಟಿಕ್ಕಿ ನಿಂತುಹೋಗುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಮಾಳಿಗೆಯ ಮೇಲೆ ಏರಿಳಿದು ಬರುವ ಕೊಳವೆಯ ಉಬ್ಬಿನಲ್ಲಿ ಗಾಳಿಯು ಅಡ್ಡ ಕುಳಿತಿರುತ್ತದೆ. ಮೇಲಿನ ನೀರಿನ ಅಲ್ಪ ಒತ್ತಡವು ಅದನ್ನು ತಳ್ಳಲಾರದು. ಸೋಲಾರ್ ತೊಟ್ಟಿಯ ನೆತ್ತಿಯಿಂದ ಆಕಾಶದ ಕಡೆಗೆ ನಿಂತಿರುವ ತೆರೆದ ಕೊಳವೆಯು ಗಾಳಿಯ ನಿರ್ಗಮಕ್ಕಾಗಿಯೇ ಇಟ್ಟುದು. ಅದರ ತುದಿಯು ತಣ್ಣೀರಿನ ತೊಟ್ಟಿಯ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಅದರಿಂದ ನೀರೇ ಸುರಿಯುತ್ತದೆ. ಸುರಿಯುವುದೆಂದು ಬೇಸತ್ತು ಆ ಬಾಯನ್ನು ಬಿರಡೆಯಿಂದ ಮುಚ್ಚುವುದು ಅಪಾಯಕರ. ಎತ್ತರಿಸತಕ್ಕದ್ದೇ ಹೊರತು ಮುಚ್ಚತಕ್ಕದ್ದಲ್ಲ. ಅಲ್ಲಿಯೂ ಇಲ್ಲಿಯೂ ನೀತಿ ಒಂದೇ: ಗಾಳಿಯನ್ನು ಬಲದಿಂದ ಗೆಲ್ಲಲಾಗದು, ಅತ್ಯುನ್ನತವಾದ ಸ್ಥಳದಲ್ಲಿ ಅದಕ್ಕೆ ಒಂದು ಬಾಗಿಲನ್ನು ಬಿಟ್ಟರೆ ಅದು ತಾನಾಗಿ ಹೊರಟುಹೋಗುತ್ತದೆ.

ಗೃಹಸ್ಥನು ತಾನೇ ಮಾಡಬಹುದಾದುದಕ್ಕೂ ಬಲ್ಲವರಿಗೆ ಬಿಡಬೇಕಾದುದಕ್ಕೂ ನಡುವೆ ಒಂದು ಗೆರೆಯನ್ನು ಎಳೆದುಕೊಳ್ಳುವುದು ಅವಶ್ಯಕ. ರೇಡಿಯೇಟರಿನ ಗಾಳಿ ಬಿಡುವುದು, ಒತ್ತಡದ ಮುಳ್ಳನ್ನು ನೋಡಿ ನೀರು ತುಂಬುವುದು, ಅಟ್ಟದ ತೊಟ್ಟಿಯನ್ನು ಪರೀಕ್ಷಿಸುವುದು, ಇವು ಗೆರೆಯ ಈಚೆಯವು. ಬಾಯ್ಲರಿನ ಹೊದಿಕೆಯನ್ನು ಬಿಚ್ಚುವುದಾಗಲಿ, ಅನಿಲದ ಕೊಳವೆಯನ್ನು ಮುಟ್ಟುವುದಾಗಲಿ ಸರ್ವಥಾ ಕೂಡದು. ಬ್ರಿಟನ್ನಿನಲ್ಲಿ ೨೦೦೯ರಿಂದ ಗ್ಯಾಸ್ ಸೇಫ್ ರಿಜಿಸ್ಟರ್ ಎಂಬ ಪಟ್ಟಿಯಲ್ಲಿ ಹೆಸರು ದಾಖಲಾದವರೇ ಅನಿಲದ ಕೆಲಸವನ್ನು ವೃತ್ತಿಯಾಗಿ ಮಾಡಬೇಕೆಂಬ ನಿಬಂಧನೆಯುಂಟು. ಕೆಲಸಕ್ಕೆ ಬಂದವನ ಗುರುತಿನ ಚೀಟಿಯನ್ನು ಕೇಳಿ ನೋಡುವುದರಲ್ಲಿ ಅವಮರ್ಯಾದೆಯೇನೂ ಇಲ್ಲ. ಸರಿಯಾಗಿ ಉರಿಯದ ಬಾಯ್ಲರಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡೆಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಕೂಗಿ ತಿಳಿಸುವ ಸಣ್ಣ ಯಂತ್ರವೊಂದು ಅಂತಹ ಮನೆಗಳಲ್ಲಿ ಇರಲೇಬೇಕು.

ಕೊನೆಯದಾಗಿ, ಖರ್ಚಿಲ್ಲದ ಒಂದು ಉಪಾಯವನ್ನು ಸೂಚಿಸುತ್ತೇವೆ. ನಮ್ಮ ಹಿರಿಯರು ಹಸು ಕರೆದ ಹಾಲಿನ ಲೆಕ್ಕವನ್ನೂ ಅಗಸನಿಗೆ ಹಾಕಿದ ಬಟ್ಟೆಯ ಲೆಕ್ಕವನ್ನೂ ಗೋಡೆಯ ಮೇಲೆ ಗೀಟೆಳೆದು ಇಡುತ್ತಿದ್ದರು. ಅದರಂತೆ ಬಾಯ್ಲರಿನ ಪಕ್ಕದಲ್ಲಿ ಒಂದು ಕಾಗದವನ್ನು ಅಂಟಿಸಿ, ಗಾಳಿ ಬಿಟ್ಟ ದಿನ ಯಾವುದು, ಯಾವ ಕೋಣೆಯ ರೇಡಿಯೇಟರು, ಹೊರಬಂದ ನೀರಿನ ಬಣ್ಣವೇನು, ಒತ್ತಡವು ಎಷ್ಟಿತ್ತು, ಎಷ್ಟಕ್ಕೆ ಏರಿಸಿದೆವು ಎಂಬಿಷ್ಟನ್ನು ಬರೆದಿಡಬೇಕು. ಚಳಿಗಾಲದಲ್ಲಿ ಒಂದೆರಡು ಸಾಲು ಮಾತ್ರವಿದ್ದರೆ ಚಿಂತೆಯಿಲ್ಲ. ತಿಂಗಳಿಗೆ ಒಂದೆರಡು ಸಾಲು ಬೆಳೆಯುತ್ತ ಬಂದರೆ ಕೀಲಿಕೈಯನ್ನು ಕೆಳಗಿಟ್ಟು, ಆ ಕಾಗದವನ್ನೇ ಕೈಯಲ್ಲಿ ಹಿಡಿದು, ಬಲ್ಲವರನ್ನು ಕರೆಯಬೇಕು. ಹಗಲಿನಲ್ಲಿ ಮನೆಯಲ್ಲಿರುವ ಅಜ್ಜನಿಗೆ ಇದಕ್ಕಿಂತ ತಕ್ಕ ಉದ್ಯೋಗವಿಲ್ಲ. ಮೊಮ್ಮಗು ಮಲಗುವ ಕೋಣೆಗೆ ಇದಕ್ಕಿಂತ ಅಗ್ಗವಾದ ಕಾವಲೂ ಇಲ್ಲ.